ಅಕ್ಕ ಕೈಮುಗಿದ ಲಾವೋಸಿನ ಬನ

ಶಂಕರಪುರ

ಅಕ್ಕ ನನ್ನನ್ನು ಲಾವೋಸಿಗೆ ಕರೆದುಕೊಂಡು ಹೋದದ್ದು ದೇಶ ನೋಡಲಿಕ್ಕಲ್ಲ, ಅವಳ ಮಗಳನ್ನು ಗದರಿಸಲಿಕ್ಕೆ. ಗದರಿಸಬೇಕಾದವನು ನಾನು. ನಮ್ಮದು ಅಳಿಯಕಟ್ಟಿನ ಮನೆತನ. ಅಕ್ಕನ ಮಕ್ಕಳ ವಿಷಯದಲ್ಲಿ ಸೋದರಮಾವನ ಮಾತೇ ಕೊನೆಯ ಮಾತು ಎಂಬ ಕಾಲವೊಂದಿತ್ತಂತೆ. ಈಗ ಮದುವೆಯ ಆಮಂತ್ರಣದಲ್ಲಿ ನಮ್ಮ ಹೆಸರು ಹಾಕುತ್ತಾರೆ, ಸೆಕೆಯಲ್ಲಿ ಕೋಟು ತೊಡಿಸಿ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಅಲ್ಲಿಗೆ ಅಧಿಕಾರ ಮುಗಿಯಿತು.

ಅಕ್ಕನ ಮಗಳು ಅಕ್ಷತಾ ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿತವಳು. ಒಂದೇ ವರ್ಷಕ್ಕೆಂದು ಲಾವೋಸಿಗೆ ಹೋದಳು. ಬಾಂಬು ಸಿಡಿದು ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಟ್ಟು ನಡೆಯಲು ಕಲಿಸುವ ಕೇಂದ್ರವೊಂದರಲ್ಲಿ ಕೆಲಸ. ಒಂದು ವರ್ಷ ಮೂರಾಯಿತು. ಈಗ ಇನ್ನೆರಡು ವರ್ಷ ಇರುವುದಾಗಿ ಸಹಿ ಹಾಕಲು ಕಾಗದ ಬಂದಿದೆ ಎಂದು ಫೋನಿನಲ್ಲಿ ಹೇಳಿದಾಗ ಅಕ್ಕ ಮಲ್ಲಿಗೆ ಕಟ್ಟುತ್ತಿದ್ದವಳು ನಾರನ್ನು ಅಲ್ಲೇ ಬಿಟ್ಟು ನನಗೆ ಫೋನು ಮಾಡಿದಳು.

"ಯಾರದೋ ಮನೆಯ ಜಗಳ, ಅಮೆರಿಕದವರು ಹಾಕಿದ ಬಾಂಬು. ಅದಕ್ಕೆ ಶಂಕರಪುರದ ಹುಡುಗಿ ಯಾಕೆ ಅಲ್ಲಿ ಹೋಗಿ ಕೂರಬೇಕು? ನೀನು ಬಂದು ಹೇಳು ಮಾರಾಯ. ಮಾವ ಹೇಳಿದರೆ ಕೇಳುತ್ತಾಳೆ."

ನಾಲ್ಕು ವರ್ಷದವಳಿದ್ದಾಗ ಮೂಗಿಗೆ ಕಡಲೆ ಹಾಕಿಕೊಳ್ಳಬೇಡ ಎಂದು ಅಕ್ಷತಾಳಿಗೆ ನಾನು ಹೇಳಿದ್ದೆ. ಹಾಕಿಕೊಂಡಳು, ಮಣಿಪಾಲಕ್ಕೆ ಹೋಗಿ ತೆಗೆಸಿದೆವು. ಆಮೇಲೆ ನಾನು ಅವಳಿಗೆ ಏನನ್ನೂ ಹೇಳುವ ಧೈರ್ಯ ಮಾಡಿರಲಿಲ್ಲ. ಆದರೂ ಹೊರಟೆ. ಕಾರ್ಕಳದ ಕಲ್ಲುಕೋರೆಗಳಿಗೆ ಮೂವತ್ತು ವರ್ಷ ಕಂಪ್ರೆಸರ್ ಬಾಡಿಗೆಗೆ ಕೊಟ್ಟವನು ನಾನು. ಬಂಡೆ ಕೊರೆದು ಮದ್ದು ತುಂಬಿ ಸಿಡಿಸುವುದನ್ನು ದಿನಾ ನೋಡಿದವನು. ಬಾಂಬಿನ ವಿಷಯದಲ್ಲಿ ನನಗೆ ಒಳ್ಳೆಯ ತಿಳಿವಳಿಕೆ ಉಂಟೆಂದು ಅಕ್ಕ ನಂಬಿದ್ದಳು. ನಾನೂ ನಂಬಿದ್ದೆ. ಭಾವ ಮಾತ್ರ ಗಿಡದ ಮೊಗ್ಗು ಯಾರು ಕೊಯ್ಯುವುದು ಎಂಬ ನೆಪ ಹೇಳಿ ಜಾಣತನದಿಂದ ಮನೆಯಲ್ಲೇ ಉಳಿದರು.

ಬ್ಯಾಂಕಾಕ್

ವಿಮಾನ ಬದಲಿಸುವಲ್ಲಿ ಅಕ್ಕನ ಸ್ಟೀಲಿನ ಡಬ್ಬಿ ಸಿಕ್ಕಿಬಿತ್ತು. ಅದರಲ್ಲಿ ಬಾಳೆಲೆಯಲ್ಲಿ ಸುತ್ತಿದ ಎರಡು ಚೆಂಡು ಮಲ್ಲಿಗೆ ಇತ್ತು. ಯಂತ್ರದ ಪರದೆಯ ಮೇಲೆ ಲೋಹದ ಡಬ್ಬಿಯೊಳಗೆ ಒತ್ತಾಗಿ ಸುತ್ತಿದ ಸುರುಳಿ ಕಂಡದ್ದೇ ತಪಾಸಣೆಯವನ ಮುಖ ಬಿಗಿಯಿತು. ನಮ್ಮನ್ನು ಬದಿಗೆ ನಿಲ್ಲಿಸಿದರು. ಒಬ್ಬ ಕೈಗವಸು ತೊಟ್ಟು ಮೆಲ್ಲನೆ ಮುಚ್ಚಳ ತೆರೆದ, ಬಗ್ಗಿ ನೋಡಿದ, ಮೂಸಿದ, ಮತ್ತೆ ಮೂಸಿದ. ಪಕ್ಕದವನನ್ನು ಕರೆದ. ಅವನೂ ಮೂಸಿದ. ದಪ್ಪಗಿನ ಮೇಲಧಿಕಾರಿಣಿಯೊಬ್ಬರು ಗದರಿಸಿಕೊಂಡು ಬಂದರು, ಅವರೂ ಡಬ್ಬಿಗೆ ಮೂಗು ತೂರಿಸಿದರು. ನಾನು ತಡೆಯುವ ಮೊದಲೇ ಅಕ್ಕ ಒಂದು ತುಂಡು ಹೂ ಕಡಿದು ಆ ಹೆಂಗಸಿನ ತುರುಬಿಗೆ ಮುಡಿಸಿಯೇ ಬಿಟ್ಟಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಮಗೆ ಜೈಲು ಖಂಡಿತ ಎಂದುಕೊಂಡೆ.

ಜೈಲೇನೂ ಆಗಲಿಲ್ಲ. ಆದರೆ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ದ್ರವ ಪದಾರ್ಥವೆಂದು ಕಿತ್ತುಕೊಂಡರು. ಜನ ಒಳ್ಳೆಯವರೇ, ಉಪ್ಪಿನಕಾಯಿಯ ರುಚಿ ಗೊತ್ತಿದ್ದೇ ಇಟ್ಟುಕೊಂಡದ್ದು ಎಂದು ಅಕ್ಕ ತೀರ್ಪು ಕೊಟ್ಟಳು.

ವಿಯೆಂಟಿಯಾನ್

ಲಾವೋಸಿನ ರಾಜಧಾನಿಗೆ ರಾಜಧಾನಿಯ ಗತ್ತಿಲ್ಲ. ಉಡುಪಿಯ ಬಸ್‌ಸ್ಟ್ಯಾಂಡಿನ ಬಳಿ ಇದಕ್ಕಿಂತ ಹೆಚ್ಚು ಹಾರ್ನ್ ಕೇಳುತ್ತದೆ. ಜನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ, ಕೈಮುಗಿದು ಮಾತಾಡಿಸುತ್ತಾರೆ, ಕೈಯಲ್ಲೇ ಉಣ್ಣುತ್ತಾರೆ. ಸಣ್ಣ ಬಿದಿರಬುಟ್ಟಿಯಲ್ಲಿ ಅಂಟಂಟಾದ ಅನ್ನ ಬರುತ್ತದೆ. ಚಿವುಟಿ ಉಂಡೆ ಮಾಡಿ ತಿನ್ನಬೇಕು. ಅಕ್ಕ ಇದು ಅರ್ಧಕ್ಕೆ ಕೈಬಿಟ್ಟ ಕಡುಬು ಎಂದಳು, ಆದರೂ ಎರಡು ಬುಟ್ಟಿ ಖಾಲಿ ಮಾಡಿದಳು. ಕೊಳೆಯಿಸಿದ ಮೀನಿನ ಸಾರಿನ ವಾಸನೆಗೆ ಪಕ್ಕದ ಮೇಜಿನ ಬಿಳಿಯ ಪ್ರವಾಸಿಗಳು ಮೂಗು ಮುಚ್ಚಿಕೊಂಡರೆ, ನಮಗೆ ಕಾಪುವಿನಲ್ಲಿ ಮೀನು ಒಣಗಲು ಹಾಕಿದ ದಡದ ನೆನಪಾಗಿ ಹಸಿವು ಹೆಚ್ಚಿತು.

ಸಹಿ ಹಾಕಬೇಕಾದ ಕಾಗದ ಅಕ್ಷತಾಳ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡಿತ್ತು. ನಾವು ಹೊರಡುವ ದಿನವೇ ಅದನ್ನು ಕೇಂದ್ರಕ್ಕೆ ಕೊಡಬೇಕು. ನೀರು ಕುಡಿಯಲು ಹೋದಾಗಲೆಲ್ಲ ಅದು ನನ್ನನ್ನು ನೋಡುತ್ತಿತ್ತು. ಮೂರು ಸಲ ಗಂಟಲು ಸರಿಮಾಡಿಕೊಂಡೆ. ಮೊದಲ ಸಲ ಅವಳು ಕಾಫಿ ಕೊಟ್ಟಳು, ಎರಡನೆಯ ಸಲ ಕೆಮ್ಮಿನ ಮಾತ್ರೆ ಕೊಟ್ಟಳು. ಮೂರನೆಯ ಸಲ, "ಮಾವ, ಅಮ್ಮ ಹೇಳಿಕೊಟ್ಟದ್ದನ್ನು ನಾಳೆ ಹೇಳಿ, ಈಗ ಮಲಗಿ" ಎಂದಳು.

ಇಲ್ಲಿ ಹೇಳಿಬಿಡುತ್ತೇನೆ, ನಮ್ಮ ಮಾತೆಲ್ಲ ತುಳುವಿನಲ್ಲಿ. ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ. ಈ ದೇಶದ ಯುದ್ಧದ ಕಥೆಯನ್ನೂ ಅಕ್ಷತಾ ತಾಯಿಗೆ ತುಳುವಿನಲ್ಲೇ ಹೇಳಿದಳು. ಒಂದೇ ರಾಜಮನೆತನದ ಅಣ್ಣತಮ್ಮಂದಿರು ಬೇರೆ ಬೇರೆ ಪಕ್ಷ ಹಿಡಿದರು. ಒಂದು ಪಕ್ಷದ ಬೆನ್ನಿಗೆ ಪಕ್ಕದ ವಿಯೆಟ್ನಾಮಿನವರು, ಇನ್ನೊಂದರ ಬೆನ್ನಿಗೆ ಅಮೆರಿಕ ನಿಂತಿತು. ಅಮೆರಿಕ ವಿಮಾನದಲ್ಲಿ ಬಂದು ವರ್ಷಗಟ್ಟಲೆ ಹಗಲೂ ರಾತ್ರಿ ಬಾಂಬು ಸುರಿಸಿತು, ತನ್ನ ಊರಿನ ಜನರಿಗೆ ಮಾತ್ರ ಆ ವಿಷಯ ತಿಳಿಸಲಿಲ್ಲ. ಪಾಲಿನ ಜಗಳಗಳನ್ನು ಹತ್ತಿರದಿಂದ ನೋಡಿದ ಅಕ್ಕನಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಕೊನೆಗೆ ಕೇಸು ಯಾರ ಪಾಲಿಗಾಯಿತು ಎಂದು ಕೇಳಿದಳು.

"ಅಮೆರಿಕ ಯಾರ ಮೇಲೆ ಬಾಂಬು ಹಾಕಿತೋ ಆ ಪಕ್ಷವೇ ಗೆದ್ದದ್ದು."

"ಹಾಗಾದರೆ ಇಷ್ಟೆಲ್ಲ ಹಾಕಿದ್ದು ಎಂತಕ್ಕೆ?"

ನಾನು ಕಮ್ಯುನಿಸಮ್ಮಿನಿಂದ ಶುರುಮಾಡಿ ಉತ್ತರ ಕೊಡಲು ಹೊರಟೆ. ಚೀನಾದವರೆಗೆ ಹೋಗಿ ದಾರಿ ತಪ್ಪಿದೆ. ಅಕ್ಕ ಅಷ್ಟರಲ್ಲಿ ಬಟ್ಟೆ ಮಡಚಲು ಎದ್ದುಹೋಗಿದ್ದಳು.

ಫೋನ್ಸವಾನ್

ಬಾಂಬು ಹೆಚ್ಚು ಬಿದ್ದ ಎತ್ತರದ ಬಯಲು ಸೀಮೆಗೆ ಅಕ್ಷತಾ ಕೆಲಸದ ಮೇಲೆ ಹೋಗಬೇಕಿತ್ತು. ನಮ್ಮನ್ನೂ ಕರೆದೊಯ್ದಳು. ಫೋನ್ಸವಾನ್ ಅಲ್ಲಿನ ಪಟ್ಟಣ. ಅಲ್ಲಿ ಬಾಂಬಿನ ಖಾಲಿ ಕವಚಗಳು ಬೇಲಿಯ ಕಂಬಗಳಾಗಿವೆ, ಮನೆಯ ಕಂಬಗಳಾಗಿವೆ, ಹೋಟೆಲಿನ ಮುಂದೆ ಅಲಂಕಾರಕ್ಕೂ ನಿಂತಿವೆ. ಒಂದು ಮನೆಯವರು ಕವಚವನ್ನು ಉದ್ದಕ್ಕೆ ಸೀಳಿ, ಕಾಲು ಕೊಟ್ಟು ನಿಲ್ಲಿಸಿ, ಮಣ್ಣು ತುಂಬಿ ಈರುಳ್ಳಿ ಸೊಪ್ಪು ಬೆಳೆಸಿದ್ದರು. ನಾನು ಯುದ್ಧದ ಭೀಕರತೆಯ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೆ. ಅಕ್ಕ ಬಗ್ಗಿ ಅದರ ಹೊಟ್ಟೆಯ ಅಡಿ ನೋಡುತ್ತಿದ್ದಳು. ನೀರು ಇಳಿಯಲು ತೂತು ಉಂಟಾ, ಮಲ್ಲಿಗೆಗಾದರೆ ಇಷ್ಟು ಆಳ ಸಾಕಾ ಎಂದು ಅವಳ ಚಿಂತೆ. ಬಿಸಿಲಿಗೆ ಲೋಹ ಕಾದು ಬೇರು ಸುಡುತ್ತದೆ, ಆಗುವುದಿಲ್ಲ ಎಂದು ತೀರ್ಮಾನಿಸಿ ಮುಂದೆ ನಡೆದಳು.

ದಾರಿಯುದ್ದಕ್ಕೂ ನಾನು ಕೋರೆಯ ಅನುಭವ ಬಿಚ್ಚಿದೆ. ನಮ್ಮಲ್ಲೂ ತುಂಬಿದ ಮದ್ದು ಕೆಲವೊಮ್ಮೆ ಸಿಡಿಯದೆ ಉಳಿಯುತ್ತದೆ. ಅಂಥ ತೂತಿನ ಹತ್ತಿರ ಗಂಟೆಗಟ್ಟಲೆ ಯಾರನ್ನೂ ಬಿಡುವುದಿಲ್ಲ. ಇಲ್ಲಿ ಮುಷ್ಟಿಯಷ್ಟು ದೊಡ್ಡ ಉಂಡೆಬಾಂಬುಗಳು ಸಿಡಿಯದೆ ಮಣ್ಣಲ್ಲಿ ಹೂತು ಐವತ್ತು ವರ್ಷ ದಾಟಿದರೂ ಕಾಯುತ್ತಿವೆ. ಹಾರೆ ತಾಗಿದರೆ ಸಾಕು. ಹೆದರಬೇಡ, ಎಲ್ಲಿ ಕಾಲಿಡಬಹುದೆಂದು ನನ್ನಂಥವರಿಗೆ ನೋಡಿದರೆ ತಿಳಿಯುತ್ತದೆ ಎಂದು ಅಕ್ಕನಿಗೆ ಧೈರ್ಯವನ್ನೂ ಹೇಳಿದೆ.

ಬೂನ್ ಅಜ್ಜನ ಗದ್ದೆ

ಅಕ್ಷತಾ ನೋಡಬೇಕಾಗಿದ್ದ ರೋಗಿ ಬೂನ್ ಎಂಬ ಎಪ್ಪತ್ತರ ಅಜ್ಜ. ಯುದ್ಧಕಾಲದಲ್ಲಿ ಗುಹೆಯಲ್ಲಿ ಅಡಗಿ ಬದುಕಿ ಉಳಿದವರು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಸ್ವಂತ ಗದ್ದೆ ಅಗೆಯುವಾಗ ಬಲಗಾಲು ಹೋಯಿತು. ಆಗ ಅವರೇ ಅಮೆರಿಕದ ವಿಮಾನದಿಂದ ಬಿದ್ದ ಅಲ್ಯೂಮಿನಿಯಂ ಕೊಳವೆಯನ್ನು ಬಡಿದು, ಒಳಗೆ ಮರ ತುರುಕಿ ಒಂದು ಕಾಲು ಮಾಡಿಕೊಂಡರು. ಹೋದ ವರ್ಷ ಅಕ್ಷತಾ ಕೇಂದ್ರದಿಂದ ಒಳ್ಳೆಯ ಕಾಲು ಕೊಡಿಸಿದ್ದಳು. ನಾವು ಹೋದಾಗ ಅದು ಪ್ಲಾಸ್ಟಿಕ್ ಚೀಲದಲ್ಲಿ ಗೋಡೆಗೆ ತೂಗುತ್ತಿತ್ತು. ಅದು ಹಬ್ಬದ ಕಾಲಂತೆ, ಗದ್ದೆಗೆ ಹಾಕಿದರೆ ಕೆಸರಾಗುತ್ತದಂತೆ. ಅಕ್ಷತಾ ಸೊಂಟಕ್ಕೆ ಕೈಯಿಟ್ಟು ಬೈಯುತ್ತಿದ್ದಳು. ಅಜ್ಜ ತಲೆ ತಗ್ಗಿಸಿ ನಗುತ್ತಿದ್ದರು. ನಮ್ಮಲ್ಲಿ ಪಟ್ಟೆ ಪಂಚೆಯನ್ನು ಕಪಾಟಿನಲ್ಲೇ ಹಳತು ಮಾಡುವವರು ಎಷ್ಟು ಮಂದಿ ಇಲ್ಲ ಎಂದು ನಾನು ಅಜ್ಜನ ಪರ ವಹಿಸಿದೆ.

ಅಜ್ಜನ ಗದ್ದೆಯಲ್ಲಿ ಬಾಂಬು ಹುಡುಕಿ ತೆಗೆಯುವ ತಂಡವೊಂದು ತಿಂಗಳಿಂದ ಕೆಲಸ ಮಾಡುತ್ತಿತ್ತು. ತಂಡದ ಮುಖ್ಯಸ್ಥೆ ಮಣಿವನ್, ಅಕ್ಷತಾಳ ವಯಸ್ಸಿನವಳೇ. ಗದ್ದೆ ಮುಗಿದಿತ್ತು. ಅದರ ಮೂಲೆಯ ಮರಗಳ ಗುಂಪೊಂದನ್ನು ಮಾತ್ರ ಮುಂದಿನ ವಾರಕ್ಕೆ ಉಳಿಸಿದ್ದರು. ತಂಡದವರೆಲ್ಲ ಊಟಕ್ಕೆ ಕುಳಿತಿದ್ದರು. ನಾವು ಕಾಲಿನ ಚರ್ಚೆಯಲ್ಲಿದ್ದೆವು. ಅಕ್ಕ ಎದ್ದು ಹೋದದ್ದನ್ನು ಯಾರೂ ನೋಡಲಿಲ್ಲ.

ಅವಳು ಕಂಡದ್ದನ್ನು ನಮ್ಮೂರಿನ ಯಾರು ಕಂಡಿದ್ದರೂ ಅದನ್ನೇ ಮಾಡುತ್ತಿದ್ದರು. ಬಯಲ ನಡುವೆ ಒಂದು ಕೊಂಬೆಯನ್ನೂ ಯಾರೂ ಕಡಿಯದ ಹಳೆಯ ಮರಗಳು. ಮರದ ಬುಡದಲ್ಲಿ ಸೊಂಟದೆತ್ತರ ಬೆಳೆದ ಹುತ್ತ. ಸುತ್ತ ಸಾಲಾಗಿಟ್ಟ ಕಲ್ಲುಗಳಿಗೆ ಅರ್ಧ ಕೆಂಪು, ಅರ್ಧ ಬಿಳಿ ಬಣ್ಣ. ಪಕ್ಕದಲ್ಲಿ ದುಂಡಕ್ಷರದ ಒಂದು ಬೋರ್ಡು. ನಾಗಬನವೆನ್ನಲು ಇನ್ನೇನು ಬೇಕು? ಬೋರ್ಡಿನಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದು ಬರೆದಿರಬೇಕೆಂದು ಅಕ್ಕ ಊಹಿಸಿದಳು. ಚಪ್ಪಲಿಯನ್ನು ಕಲ್ಲಿನ ಹೊರಗೆ ಜೋಡಿಸಿಟ್ಟು, ಸೆರಗು ಹೊದ್ದು, ಬರಿಗಾಲಲ್ಲಿ ಒಳಗೆ ಹೋಗಿ ಹುತ್ತದ ಮುಂದೆ ಕೈಮುಗಿದು ನಿಂತಳು. ಬೋರ್ಡಿನ ಇನ್ನೊಂದು ಮುಖದಲ್ಲಿ, ರಸ್ತೆಯ ಕಡೆಗೆ, ತಲೆಬುರುಡೆಯ ಚಿತ್ರವಿತ್ತು.

ಮೊದಲು ನೋಡಿದವಳು ಅಕ್ಷತಾ. ಅವಳು ಕಿರುಚಲಿಲ್ಲ. ಕಲ್ಲಿನ ಸಾಲಿನವರೆಗೆ ನಡೆದು ಹೋಗಿ, ಅಮ್ಮ ಅಲ್ಲೇ ನಿಲ್ಲು, ಕಾಲು ಎತ್ತಬೇಡ ಎಂದಳು.

"ಯಾಕೆ, ಇಲ್ಲಿ ಹೆಂಗಸರು ಬರಬಾರದಾ?"

"ಇಲ್ಲಿ ಯಾರೂ ಬರಬಾರದು ಅಮ್ಮ. ಬಾಂಬು ಉಂಟು."

ಮೂವತ್ತು ವರ್ಷದ ಅನುಭವಸ್ಥನಾದ ನಾನು ಆಗ ಮಾಡಿದ್ದೇನೆಂದರೆ, ಅಕ್ಕನನ್ನು ಎಳೆದು ತರುತ್ತೇನೆಂದು ಸೀದಾ ಒಳಗೆ ಓಡಿದ್ದು. ಓಡಿದ್ದು ಒಂದೂವರೆ ಹೆಜ್ಜೆ ಮಾತ್ರ. ಮಣಿವನ್ ಹಿಂದಿನಿಂದ ನನ್ನ ಅಂಗಿಯ ಕಾಲರು ಹಿಡಿದು ಎಳೆದಳು. ಕಲ್ಲಿನ ಸಾಲಿನ ಈಚೆಗೆ ಕುಳ್ಳಿರಿಸಿ ನನ್ನನ್ನು ಹಿಡಿದುಕೊಳ್ಳಲಿಕ್ಕೆಂದೇ ಒಬ್ಬನನ್ನು ನಿಲ್ಲಿಸಿದಳು.

ಅಕ್ಕನವರೆಗಿನ ದೂರ ನಮ್ಮ ಮನೆಯ ಚಾವಡಿಯಷ್ಟು. ಅದನ್ನು ದಾಟಲು ಮಣಿವನ್‌ಗೆ ಒಂದೂವರೆ ಗಂಟೆ ಹಿಡಿಯಿತು. ಮೊಣಕಾಲೂರಿ, ಲೋಹ ಪತ್ತೆ ಮಾಡುವ ಯಂತ್ರವನ್ನು ನೆಲದ ಮೇಲೆ ಆಡಿಸುತ್ತಾ, ಅದು ಕೂಗಿದಲ್ಲೆಲ್ಲ ಸಣ್ಣ ಕರಣೆಯಿಂದ ಮಣ್ಣು ಕೆರೆದು ನೋಡುತ್ತಾ, ಗೇಣು ಗೇಣಾಗಿ ದಾರಿ ಮಾಡಿದಳು. ಅಷ್ಟು ಹೊತ್ತೂ ಅಕ್ಷತಾ ಕಲ್ಲಿನ ಸಾಲಿನ ಈಚೆ ಕುಳಿತು ತಾಯಿಯನ್ನು ಮಾತಾಡಿಸುತ್ತಿದ್ದಳು. ಅಪ್ಪ ಮೊಗ್ಗು ಸರಿಯಾಗಿ ಕೊಯ್ಯುತ್ತಾರಾ, ಈ ವರ್ಷ ಗಿಡಕ್ಕೆ ಹುಳ ಬಂತಾ, ಅಪ್ಪನ ಕಡೆಯ ಕಲ್ಯಾಣಪುರದ ಚಿಕ್ಕಮ್ಮ ಮಾತು ಬಿಟ್ಟದ್ದು ಯಾಕೆ, ಎಲ್ಲವನ್ನೂ ಕೇಳಿದಳು. ಚಿಕ್ಕಮ್ಮನ ವಿಷಯ ಬಂದಾಗ ಅಕ್ಕ ಬಾಂಬನ್ನೇ ಮರೆತಳು. ಕೈಬೀಸಿ ವಿವರಿಸಹೊರಟವಳನ್ನು ಮೂರು ಭಾಷೆಯಲ್ಲಿ ತಡೆದೆವು.

ಗಂಟೆ ದಾಟಿದಾಗ ಅಕ್ಕ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸತೊಡಗಿದಳು. ದನಿಯೂ ಬದಲಾಯಿತು.

"ನೀನು ಊರಿಗೆ ಬರಲಿ ಅಂತ ಕೈಮುಗಿಯಲಿಕ್ಕೇ ನಾನು ಇದರೊಳಗೆ ಬಂದದ್ದು. ಬರುತ್ತೇನೆ ಅಂತ ಹೇಳು. ಇಲ್ಲದಿದ್ದರೆ ನಾನು ಹೀಗೇ ನಡೆದು ಬರುತ್ತೇನೆ."

ನನ್ನನ್ನು ಹಿಡಿದಿದ್ದವನ ಕೈಯನ್ನು ಈಗ ನಾನೇ ಹಿಡಿದುಕೊಂಡೆ. ಅಕ್ಕ ಹಟ ಹಿಡಿದರೆ ಏನು ಮಾಡುತ್ತಾಳೆಂದು ನನಗೆ ಗೊತ್ತು.

"ಬರುತ್ತೇನೆ ಅಮ್ಮ. ಕಾಗದಕ್ಕೆ ಸಹಿ ಹಾಕುವುದಿಲ್ಲ. ನೀನು ಎಡಗಾಲು ಎತ್ತಬೇಡ." ಸಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟು ಸಮಾಧಾನದ ದನಿ.

ಅದೇ ಹೊತ್ತಿಗೆ ಯಂತ್ರ ಜೋರಾಗಿ ಕೂಗಿತು. ಮಣಿವನ್ ಮಣ್ಣು ಕೆರೆದು, ನಿಂತು, ತಿರುಗಿ ಅಕ್ಷತಾಳಿಗೆ ಏನೋ ಹೇಳಿದಳು. ಏನಂತೆ ಎಂದು ಅಕ್ಕ ಕೇಳಿದ್ದಕ್ಕೆ ಹಳೆಯ ತಗಡು ಎಂದಳು ಅಕ್ಷತಾ. ಮಣಿವನ್ ಆ ಜಾಗಕ್ಕೊಂದು ಗುರುತು ನೆಟ್ಟು ದಾರಿಯನ್ನು ಬಳಸಿ ತಿರುಗಿಸಿದಳು. ನಾನು ಕುಳಿತಲ್ಲಿಗೆ ಅದು ಕಾಣುತ್ತಿತ್ತು. ಅಕ್ಕ ಒಳಗೆ ಹೋಗುವಾಗ ಮೂಡಿದ ಬರಿಗಾಲ ಹೆಜ್ಜೆಗೂ ಆ ಗುರುತಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಹೊರಗೆ ಬಂದ ಅಕ್ಕ ಮೊದಲು ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ, ದೊಡ್ಡ ಬಾಂಬಿನ ಪಂಡಿತನ ಹಾಗೆ ಮಾತಾಡಿದೆಯಲ್ಲ, ಕಲ್ಲಿಗೆ ಕೆಂಪು ಬಳಿದರೆ ಅದರಾಚೆ ಬಾಂಬು ಉಂಟೆಂದು ಅರ್ಥ ಅಂತ ಯಾಕೆ ಹೇಳಲಿಲ್ಲ ಎಂದು ನನಗೆ ಬೈದಳು. ಬೈದು ಮುಗಿಸಿ ಅಲ್ಲೇ ಕುಸಿದು ಕುಳಿತಳು. ನಾನು ಅಳುತ್ತಿದ್ದೆ. ಒಡಹುಟ್ಟಿದವಳೆಂದು ನನಗಿರುವುದು ಅವಳೊಬ್ಬಳೇ.

ನೂಲು

ಹೆದರಿದವರ ಜೀವ ಮೈಬಿಟ್ಟು ಎಲ್ಲೋ ಅಲೆಯುತ್ತದೆ, ಅದನ್ನು ವಾಪಸು ಕರೆಯಬೇಕು ಎಂದು ಆ ಹಳ್ಳಿಯವರ ನಂಬಿಕೆ. ಸಂಜೆ ಬೂನ್ ಅಜ್ಜನ ಮನೆಯಲ್ಲಿ ಮುದುಕಿಯರೆಲ್ಲ ಸೇರಿ, ಹೂವು ಮೊಟ್ಟೆ ಅನ್ನ ಇಟ್ಟು, ಮಂತ್ರ ಹೇಳಿ ಅಕ್ಕನ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿದರು. ಅಕ್ಕ ಇದೆಲ್ಲ ದಿನಾ ನಡೆಯುವುದೇ ಎಂಬ ಹಾಗೆ ಕೈ ನೀಡಿ ಕುಳಿತಿದ್ದಳು. ಹೆದರಿದ ಮಕ್ಕಳಿಗೆ ನಮ್ಮಲ್ಲೂ ನೂಲು ಕಟ್ಟುತ್ತಾರಲ್ಲ. ಒಂದೆರಡು ಕಟ್ಟಿದ ಮೇಲೆ ಮುದುಕಿಯರು ನನ್ನನ್ನು ನೋಡಿ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಕೊನೆಗೆ ಲೆಕ್ಕ ಹಾಕಿದರೆ ಅಕ್ಕನ ಕೈಯಲ್ಲಿ ಏಳು ನೂಲು, ನನ್ನ ಕೈಯಲ್ಲಿ ಹದಿನಾಲ್ಕು.

ಮರುದಿನ ತಂಡದವರು ಮೂಲೆಯ ಕೆಲಸವನ್ನೇ ಮೊದಲು ಎತ್ತಿಕೊಂಡರು. ಮಧ್ಯಾಹ್ನ ಊರಿನವರನ್ನೆಲ್ಲ ದೂರ ಕಳಿಸಿ ಮೂರು ಸಲ ಸಿಡಿಸಿದರು. ಕೋರೆಯ ಸದ್ದು ಕೇಳಿ ಬೆಳೆದ ನಮಗೆ ಅಂಥ ದೊಡ್ಡ ಸದ್ದೇನಲ್ಲ. ಆದರೆ ಮೊದಲನೆಯದಕ್ಕೇ ಅಕ್ಕ ನನ್ನ ಕೈ ಹಿಡಿದವಳು ಮತ್ತೆ ಬಿಡಲಿಲ್ಲ. ಆಮೇಲೆ ಮಗಳ ಕಡೆ ತಿರುಗಿದಳು.

"ಒಂದು ನನ್ನ ಕಾಲಿನ ಹತ್ತಿರವೇ ಇತ್ತು, ಅಲ್ವಾ? ತಗಡು ಅಂದೆ ನೀನು."

"ಹೌದು ಅಮ್ಮ."

ರಾಜಧಾನಿಗೆ ಮರಳುವ ದಾರಿಯಲ್ಲಿ ಅಕ್ಕ ಮಣಿಕಟ್ಟಿನ ನೂಲುಗಳನ್ನು ಎಣಿಸುತ್ತಾ ಕುಳಿತಿದ್ದಳು. ಅಕ್ಷತಾ ಕಿಟಕಿಯಾಚೆ ನೋಡುತ್ತಿದ್ದಳು. ಬಂದ ಕೆಲಸ ಆಗಿತ್ತು, ಹುಡುಗಿ ಊರಿಗೆ ಬರುವುದಾಗಿ ಮಾತು ಕೊಟ್ಟಿದ್ದಳು. ನನಗೆ ಮಾತ್ರ ಯಾಕೋ ಸಂತೋಷವಾಗಲಿಲ್ಲ.

ಕೇಂದ್ರದಲ್ಲಿ

ಹೊರಡುವ ದಿನ ಬೆಳಿಗ್ಗೆ ಅಕ್ಷತಾ ಕಾಗದವನ್ನು ಸಹಿ ಹಾಕದೆ ಹಿಂದೆ ಕೊಡಲು ಕೇಂದ್ರಕ್ಕೆ ಹೊರಟಳು. ನಾವೂ ಜೊತೆಗೆ ಹೋದೆವು. ಜಗಲಿಯ ಬೆಂಚುಗಳ ಮೇಲೆ ಜನ ಕಾಯುತ್ತಿದ್ದರು. ಯುದ್ಧ ನೋಡಿದ ಮುದುಕರಿದ್ದರು. ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ ಹುಟ್ಟಿದವರೂ ಇದ್ದರು, ಅವರೇ ಹೆಚ್ಚು. ಒಳಗೆ ಎರಡು ಉದ್ದ ಸರಳುಗಳ ನಡುವೆ ಅಕ್ಕನ ವಯಸ್ಸಿನ ಹೆಂಗಸೊಬ್ಬಳು ಹೊಸ ಕಾಲಿನ ಮೇಲೆ ನಿಂತಿದ್ದಳು. ಕಾಗದ ಆಮೇಲೆ ಕೊಡುತ್ತೇನೆಂದು ಅಕ್ಷತಾ ಅದನ್ನು ತಾಯಿಯ ಕೈಗಿತ್ತು ಆಕೆಯ ಮುಂದೆ ಹೋಗಿ ನಿಂತಳು. ಲಾವೋ ಭಾಷೆಯಲ್ಲಿ ಹೆಜ್ಜೆ ಎಣಿಸತೊಡಗಿದಳು. ಅಕ್ಕನಿಗೆ ಒಂದಕ್ಷರವೂ ಅರ್ಥವಾಗದ ಭಾಷೆ. ಆದರೆ ದನಿ ಆ ಮಧ್ಯಾಹ್ನ ಕಲ್ಲಿನ ಸಾಲಿನಾಚೆಯಿಂದ ಅವಳು ಕೇಳಿದ ಅದೇ ದನಿ. ಅಕ್ಕ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಕಣ್ಣು ಕೀಳದೆ ನೋಡುತ್ತಿದ್ದಳು.

ಆ ಹೆಂಗಸು ನಾಲ್ಕು ಹೆಜ್ಜೆ ಇಟ್ಟು ಉಸಿರು ತೆಗೆದುಕೊಳ್ಳಲು ನಿಂತಾಗ ಅಕ್ಕ ಮಗಳನ್ನು ಕರೆದಳು.

"ಇದರಲ್ಲಿ ಎಷ್ಟು ವರ್ಷ ಅಂತ ಬರೆದದ್ದು?"

"ಎರಡು ವರ್ಷ."

ಅಕ್ಕ ಬೆಂಚಿನ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಎರಡು ವರ್ಷದಲ್ಲಿ ಮುಗಿಯುತ್ತದಾ ಇದು?"

"ಇಲ್ಲ ಅಮ್ಮ. ನನ್ನ ಆಯುಷ್ಯದಲ್ಲೇ ಮುಗಿಯುವುದಿಲ್ಲ."

"ಮತ್ತೆ ಎರಡೇ ಅಂತ ಯಾಕೆ ಬರೆದಿದ್ದಾರೆ?" ಎಂದು ಅಕ್ಕ ಕಾಗದವನ್ನು ಅವಳ ಕೈಗೆ ವಾಪಸು ಕೊಟ್ಟಳು. "ಹೋಗು, ಸಹಿ ಹಾಕಿ ಕೊಟ್ಟು ಬಾ."

ಅಕ್ಷತಾ ಹೋಗಲಿಲ್ಲ. ನೆಲದ ಮೇಲೆ ಕುಳಿತು, ತಾಯಿಯ ಮಡಿಲಲ್ಲಿ ಮುಖವಿಟ್ಟು, ಇಡೀ ಜಗಲಿ ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ಸರಳುಗಳ ನಡುವೆ ನಿಂತಿದ್ದ ಹೆಂಗಸು ಗಾಬರಿಯಾಗಿ, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ, ಎರಡೂ ಕೈಯಲ್ಲಿ ಸರಳನ್ನು ಬಿಗಿಹಿಡಿದಳು. ಅಕ್ಕ ಮಗಳ ತಲೆಯನ್ನು ಮೆಲ್ಲನೆ ನನ್ನ ಕಡೆ ಸರಿಸಿ ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ ಆ ಹೆಂಗಸಿನ ಎದುರು ನಿಂತಳು. ತುಳುವಿನಲ್ಲಿ ಎಣಿಸತೊಡಗಿದಳು.

"ಒಂಜಿ, ರಡ್ಡ್, ಮೂಜಿ."

ಆ ಹೆಂಗಸು ಅಕ್ಕನ ಮುಖ ನೋಡುತ್ತಾ ಕಾಲು ಎತ್ತಿ ಮುಂದಿಟ್ಟಳು.